ಮೇಲಿನ ಬೀದಿಯ ಕೂಸಿಗೆ ಹಾಲು

ಶ್ರೀರಂಗಪಟ್ಟಣದಿಂದ ಬರುವಾಗ ಬಿಡಿ ಮಲ್ಲಿಗೆ ತಾ ಎಂದು ಅವ್ವ ಹೇಳಿದ್ದಳು. ಕಟ್ಟಿದ ಹೂವು ಬೇಡ, ಬಿಡಿ ಹೂವೇ ಆಗಬೇಕು. ಅಕ್ಕನ ಮಗುವನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಅದು. ಸಾವಾದ ಮನೆಗೆ ಹೂವು ಯಾಕೆ ಎಂದು ನಾನು ಕೇಳಲಿಲ್ಲ. ಬಸ್‌ಸ್ಟ್ಯಾಂಡಿನ ಹೂವಿನವಳು ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಊರು ತಲುಪುವ ಹೊತ್ತಿಗೆ ಎಲೆ ಬೆಚ್ಚಗಾಗಿತ್ತು.

ಅದು ಹಾಲು ಬತ್ತಿಸಲು ಎಂದು ಆಮೇಲೆ ಗೊತ್ತಾಯಿತು. ನಮ್ಮ ಕಡೆ ಕೂಸು ಕಳೆದುಕೊಂಡ ಬಾಣಂತಿಯ ಎದೆಗೆ ಮಲ್ಲಿಗೆ ಇಟ್ಟು ಹಳೆಯ ಸೀರೆಯಿಂದ ಬಿಗಿಯಾಗಿ ಕಟ್ಟುತ್ತಿದ್ದರು. ಅಕ್ಕನ ಎದೆ ಕಲ್ಲಾಗಿತ್ತು, ಮೈ ಸುಡುತ್ತಿತ್ತು. ಕಟ್ಟಿದ್ದನ್ನು ನಾನು ನೋಡಲಿಲ್ಲ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಹೂವಿನ ವಾಸನೆ ಮಾತ್ರ ಹಜಾರದವರೆಗೂ ಬರುತ್ತಿತ್ತು.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಮಂಡ್ಯದ ಒಂದು ಪತ್ರಿಕೆಗೆ ವರದಿ ಕಳಿಸುತ್ತಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಇಷ್ಟು ನನ್ನ ಪಾಲಿಗೆ ಬಂದ ತಾಲ್ಲೂಕುಗಳು. ವಾಸ ಪಾಂಡವಪುರ ತಾಲ್ಲೂಕಿನ ನಮ್ಮ ಊರಿನಲ್ಲೇ. ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬರೆಯಬೇಕೆಂದು ಪತ್ರಿಕೆಯಲ್ಲಿ ಕಲಿಸಿದ್ದರು. ಇಲ್ಲೂ ಹಾಗೇ ಬರೆಯುತ್ತಿದ್ದೇನೆ.

ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಮಗು ಗಂಡು. ನಾಮಕರಣದ ಮಾತು ಏಳುವ ಮೊದಲೇ ಹೋಯಿತು. ಭಾವ ಹೊಸಹೊಳಲು ಕಡೆಯವರು. ಮಣ್ಣಾದ ಸಂಜೆಯೇ, ಮನೆಯಲ್ಲಿ ಹಸು ನೋಡುವವರಿಲ್ಲ ಎಂದು ಬಸ್ಸು ಹತ್ತಿದರು. ಅಕ್ಕ ಅಳುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು.

ಆ ವಾರವೇ ಅಂಗನವಾಡಿ ಟೀಚರಮ್ಮ ಹಿಟ್ಟಿನ ಪೊಟ್ಟಣ ಹಿಡಿದು ಬಂದಳು. ಬಸುರಿಯರಿಗೂ ಹಾಲೂಡಿಸುವ ತಾಯಂದಿರಿಗೂ ಸರ್ಕಾರ ಕೊಡುತ್ತಿದ್ದ ಪೌಷ್ಟಿಕ ಹಿಟ್ಟು ಅದು. ಬೆಲ್ಲ ಹಾಕಿ ಬಿಸಿನೀರಲ್ಲಿ ಕಲಸಿ ತಿನ್ನುವುದು.

"ಮಗೀನೇ ಇಲ್ಲ, ಇನ್ಯಾರಿಗೆ ತಾಯೀ ಈ ಇಟ್ಟು? ಎಮ್ಮೆಗಾ?" ಎಂದಳು ಅವ್ವ.

"ಬಾಣಂತಿ ಬಾಣಂತಿನೇ ಅಲ್ವೇನವ್ವ? ಮೈ ಸೋತಿರ್ತದೆ."

"ಸೋತಿರದು ಮೈಯಲ್ಲ ಬುಡು," ಎಂದು ಅವ್ವ ಒಳಗೆ ಹೋದಳು.

ಟೀಚರಮ್ಮ ಹೋಗಲಿಲ್ಲ. ಜಗಲಿಯಲ್ಲಿ ನನ್ನಿಂದ ಸ್ವಲ್ಪ ದೂರ ಕೂತು, ಪತ್ರಿಕೆಯಲ್ಲಿ ಏನು ಬಂದಿದೆ ಎಂದು ಕೇಳಿದಳು. ಆಮೇಲೆ ನಿಜವಾದ ಮಾತಿಗೆ ಬಂದಳು. ಮೇಲಿನ ಬೀದಿಯ ಅಜ್ಜಿಯ ಸೊಸೆಗೆ ಹೆರಿಗೆಯಾದ ಮೇಲೆ ಜ್ವರ ಏರಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ಗಂಡ ಅಲ್ಲೇ ಇದ್ದ. ಕೂಸನ್ನು ಅಜ್ಜಿ ಮನೆಗೆ ತಂದು, ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸುತ್ತಿದ್ದಳು. ಕೂಸಿಗೆ ಭೇದಿ ನಿಂತಿರಲಿಲ್ಲ.

"ತೂಕದ ಜೋಳಿಗೇಲಿ ಆಕುದ್ರೆ ಮುಳ್ಳೇ ಅಲ್ಲಾಡಾಕಿಲ್ಲ ಕಣಣ್ಣ. ಇಂಗೇ ಬುಟ್ರೆ ಉಳಿಯಾಕಿಲ್ಲ," ಎಂದಳು. ಸ್ವಲ್ಪ ತಡೆದು, "ಒಂದು ಕೇಳ್ತೀನಿ, ಬೈಬ್ಯಾಡಿ. ಅಕ್ಕಾವ್ರಿಗೆ ಇನ್ನೂ ಆಲೈತಲ್ಲ."

ಅವಳಿಗೂ ಊರಿನ ಸಂಗತಿ ಗೊತ್ತಿತ್ತು. ನಾಲೆಯ ಸರದಿ ನೀರಿನ ವಿಚಾರಕ್ಕೆ ನಮ್ಮ ಅಪ್ಪನಿಗೂ ಮೇಲಿನ ಬೀದಿಯ ಅಜ್ಜಿಯ ಗಂಡನಿಗೂ ಜಗಳವಾಗಿ, ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಮುಟ್ಟುವುದಿಲ್ಲ ಎಂದು ಇಬ್ಬರೂ ದೇವರ ಮುಂದೆ ಆಣೆ ಮಾಡಿದ್ದರು. ಜಗಳವಾಡಿದ ಇಬ್ಬರೂ ಸತ್ತಿದ್ದರು. ಆಣೆಯನ್ನು ಅವರ ಹೆಂಡಂದಿರು ನಡೆಸಿಕೊಂಡು ಬರುತ್ತಿದ್ದರು. ಮಾತೂ ಇರಲಿಲ್ಲ.

ಅವ್ವ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಬಾಗಿಲಿಗೆ ಬಂದು ನಿಂತಳು.

"ಆ ಮನೆ ಕೂಸಿಗಾ? ನೀರು ಕುಡ್ಯಾಕಿಲ್ಲ ಅಂದೋರು ಆಲು ಕುಡೀತಾರಾ?"

"ಕೂಸು ಆಣೆ ಮಾಡಿಲ್ವಲ್ಲವ್ವ," ಎಂದಳು ಟೀಚರಮ್ಮ.

"ನಿಂಗೆ ಗೊತ್ತಿಲ್ಲ. ಅದಕ್ಕೆ ಈಗ್ಲೇ ಉಸ್ರು ಅತ್ತಗೈತೆ ಇತ್ತಗೈತೆ. ನಾಳೆ ಏನಾರ ಆದ್ರೆ, ಕೂಸು ತಿನ್ಕಂಡೋಳ ಆಲು ಕುಡುದು ಓಯ್ತು ಅಂತ ನನ್ ಮಗಳ ತಲೆಗೆ ಕಟ್ತಾಳೆ ಆ ಮುದ್ಕಿ."

ಅವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಊರಿನಲ್ಲಿ ಹಾಗೆ ಹೇಳುವವರಿದ್ದರು. ಅಷ್ಟರಲ್ಲಿ ಅಕ್ಕ ಅವ್ವನ ಹಿಂದೆ ಬಂದು ನಿಂತಿದ್ದಳು.

"ಗಂಡಾ, ಎಣ್ಣಾ?" ಎಂದು ಕೇಳಿದಳು.

"ಎಣ್ಣು," ಎಂದಳು ಟೀಚರಮ್ಮ.

ಅಕ್ಕ ಒಳಗೆ ಹೋದಳು. ಮತ್ತೆ ಬಂದಾಗ ಅವಳ ಕೈಯಲ್ಲಿ ಹಳೆ ಸೀರೆಯ ತುಂಡಿತ್ತು. ಕಂದಿದ ಮಲ್ಲಿಗೆಯನ್ನು ತಿಪ್ಪೆಗೆ ಕೊಡವಿ, ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲೆ ಹಾಕಿದಳು.

"ತಕ್ಕಂಡು ಬರ್ಲಿ," ಎಂದಳು. ಕರುವನ್ನು ಕಟ್ಟಲು ಹೇಳುವಾಗ ಇರುವಂಥ ದನಿ. ಅವ್ವ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಮೇಲಿನ ಬೀದಿಯಲ್ಲಿ ಟೀಚರಮ್ಮ ಏನು ಹೇಳಿ ಒಪ್ಪಿಸಿದಳೋ ನನಗೆ ಗೊತ್ತಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನಮ್ಮ ಸೂರಿನಡಿ ನಿಂತಳು. ಜಗಲಿ ಹತ್ತಲಿಲ್ಲ.

"ಒಳೀಕೆ ಬಾ ಅಂತ ಕರೀಬ್ಯಾಡ. ಬರಾಕಿಲ್ಲ," ಎಂದಳು.

"ಕರ್ದೋರ್ಯಾರು?" ಎಂದಳು ಅವ್ವ.

ವರ್ಷಗಳ ನಂತರ ಅವರಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಇಷ್ಟು.

ಟೀಚರಮ್ಮ ಕೂಸನ್ನು ಒಳಗೆ ಒಯ್ದಳು. ಅದಕ್ಕೆ ಚೀಪುವ ಶಕ್ತಿ ಇರಲಿಲ್ಲ. ಹಾಲನ್ನು ಹಿಂಡಿ, ಬಿಸಿನೀರಲ್ಲಿ ತೊಳೆದ, ಕೊಕ್ಕಿನಂಥ ಮೂತಿಯ ಪುಟ್ಟ ಒಳಲೆಯಲ್ಲಿ ಹನಿಹನಿಯಾಗಿ ಬಾಯಿಗೆ ಬಿಡಬೇಕಾಯಿತು. ನಮ್ಮ ಮನೆಯ ಒಳಲೆ ಹೊಸದೇ ಇತ್ತು. ಹೊರಗೆ ಅಜ್ಜಿ ಕತ್ತಲಲ್ಲಿ ನಿಂತೇ ಇದ್ದಳು. ನಾನು ಚಾಪೆ ಹಾಕಲು ಹೋದರೆ ಬೇಡ ಎಂದು ಕೈಯಾಡಿಸಿದಳು. ಮಾರನೆಯ ದಿನವೂ ಒಳಲೆಯೇ. ಆ ಸಂಜೆ ಒಳಗಿನಿಂದ ಟೀಚರಮ್ಮನ ದನಿ ಕೇಳಿಸಿತು: "ತುದಿ ಮಾತ್ರ ಕೊಡ್ಬ್ಯಾಡಿ. ಬಾಯಿ ದೊಡ್ಡದಾಗಿ ತಗೀಲಿ, ಆಮೇಲೆ ಒತ್ಕಳಿ. ಅಂಗೆ. ಅಂಗೆ."

"ಎಳೀತೈತಾ?" ಎಂದು ಅಜ್ಜಿ ಹೊರಗಿನಿಂದ ಕೂಗಿದಳು.

ಅವ್ವನೇ, "ಎಳೀತೈತೆ, ಬಾಯ್ ಮುಚ್ಕಂಡ್ ನಿಂತ್ಕೊ," ಎಂದಳು.

ಅಲ್ಲಿಂದ ಅದು ದಿನಚರಿಯಾಯಿತು. ಹಗಲು ಅಜ್ಜಿ ಕೂಸನ್ನು ತರುವಳು, ಹಾಲು ಕುಡಿದ ಮೇಲೆ ಒಯ್ಯುವಳು. ರಾತ್ರಿ ಅದು ಅಕ್ಕನ ಪಕ್ಕದಲ್ಲೇ ಮಲಗುತ್ತಿತ್ತು. ಕಾಯುವಾಗ ಅಜ್ಜಿ ಬೀದಿಯ ಆಚೆ ಬದಿಯ ಕಲ್ಲಿನ ಮೇಲೆ ಕೂರುತ್ತಿದ್ದಳು. ಬಿಸಿಲು ಜೋರಾದ ಮೇಲೆ ಕುಡಿಯಲು ನೀರನ್ನೂ ಮನೆಯಿಂದಲೇ ಹೊತ್ತು ತರತೊಡಗಿದಳು.

"ಚೊಂಬು ಇಡ್ಕಂಡ್ ಬಂದವ್ಳೆ ನೋಡ್ಲಾ, ಕಾಶಿಗೆ ಒಂಟೋಳಂಗೆ," ಎಂದಳು ಅವ್ವ ನನಗೆ, ಅಜ್ಜಿಗೆ ಕೇಳಿಸುವಂತೆ.

"ಕಾಶಿಗೋದ್ರೆ ನಿನ್ ಮಕ ನೋಡದಾದ್ರೂ ತಪ್ತದೆ," ಎಂದಳು ಅಜ್ಜಿ, ಗಾಳಿಗೆ ಹೇಳುವಂತೆ.

ಕೂಸಿನ ಭೇದಿ ನಿಂತಿತು. ತೂಕದ ಮುಳ್ಳು ಅಲ್ಲಾಡಿತು ಎಂದು ಟೀಚರಮ್ಮ ಹೇಳಿದಳು. ಅಕ್ಕ ಆ ಕೂಸಿಗೆ ಜೋಗುಳ ಹಾಡಿದ್ದನ್ನು ನಾನು ಕೇಳಲಿಲ್ಲ, ಮುದ್ದು ಹೆಸರಿಟ್ಟು ಕರೆದದ್ದನ್ನೂ ಕೇಳಲಿಲ್ಲ. "ಅದ್ಕೆ ಒಟ್ಟೆ ತುಂಬ್ತು, ತಕ್ಕಂಡೋಗಿ" ಎನ್ನುತ್ತಿದ್ದಳು. ಏನನ್ನಿಸುತ್ತದೆ ಎಂದು ಒಮ್ಮೆ ಕೇಳಿದೆ.

"ಎದೆನೋವು ಕಮ್ಮಿ ಆಗೈತೆ ಕಣೋ," ಎಂದಳು.

ಆಮೇಲೆ ಪಾಂಡವಪುರದಿಂದ ಅಂಗನವಾಡಿ ಮೇಲ್ವಿಚಾರಕಿ ಬಂದು ಹೋದರು. ಮಗು ತೀರಿಕೊಂಡಿರುವುದರಿಂದ ಅಕ್ಕನ ಹಿಟ್ಟು ನಿಲ್ಲುತ್ತದೆ. ಮೇಲಿನ ಬೀದಿಯ ಸೊಸೆಗೆ ಮಗು ಇರುವುದರಿಂದ ಅವಳದು ಮುಂದುವರಿಯುತ್ತದೆ. ನಿಯಮ ಹಾಗಿತ್ತು, ಅವರು ಅದನ್ನು ಒರಟಾಗಿಯೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದವಳ ಹಿಟ್ಟನ್ನು ಅವಳ ಅತ್ತೆಗೆ ಕೊಟ್ಟರು. ಅಜ್ಜಿ ಮಾರನೆಯ ದಿನ ಕೂಸಿನ ಜೊತೆ ಆ ಪೊಟ್ಟಣವನ್ನೂ ತಂದು ನಮ್ಮ ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದಳು.

"ಏನದು?" ಎಂದಳು ಅವ್ವ.

"ಆಲು ಕೊಡೋಳ್ಗೆ ಕೊಡೋ ಇಟ್ಟು. ಆಲು ಕೊಡೋಳು ನಿಮ್ಮನೇಲವ್ಳೆ."

"ನಿಮ್ಮನೇದು ನಮ್ ಒಳೀಕೆ ಬರಂಗಿಲ್ಲ. ತಗಿ."

"ನಮ್ಮನೇದಲ್ಲ ಅದು, ಸರ್ಕಾರದ್ದು. ಸರ್ಕಾರ ಆಣೆ ಮಾಡಿತ್ತಾ?"

"ನಿನ್ ಕೈಯಾಗ್ ಬಂದೈತಲ್ಲ."

"ಕೈ ತೊಳ್ಕಂಡೇ ತಂದಿವ್ನಿ."

ಪೊಟ್ಟಣ ಜಗಲಿಯಲ್ಲೇ ಉಳಿಯಿತು. ನಾಯಿಯೊಂದು ಬಂದು ಮೂಸಿತು. ಅವ್ವ ನಾಯಿಯನ್ನು ಅಟ್ಟಿದಳು, ಪೊಟ್ಟಣ ಮುಟ್ಟಲಿಲ್ಲ. ಕೂಸಿಗೆ ಹಾಲು ಕೊಟ್ಟು ಮುಗಿಸಿದ ಅಕ್ಕ ಹೊರಗೆ ಬಂದು ಅದನ್ನು ಎತ್ತಿಕೊಂಡು ಹೋಗಿ, ಬೆಲ್ಲ ಕುಟ್ಟಿ ಹಾಕಿ ಕಲಸಿ, ಅಡಿಗೆಮನೆಯಲ್ಲಿ ನಿಂತೇ ತಿಂದಳು. ಅವ್ವ ಒಲೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಆಮೇಲೆ ಹಿಟ್ಟು ತಪ್ಪದೆ ಬಂತು; ಅಜ್ಜಿ ಅದೇ ಅಂಚಿನಲ್ಲಿ ಇಡುವಳು, ಅಕ್ಕನೇ ಎತ್ತಿಕೊಳ್ಳುವಳು.

ಇದನ್ನು ನಾನು ಪತ್ರಿಕೆಗೆ ಬರೆಯಲಿಲ್ಲ. ಈ ಹಾಲಿನ ವಿಚಾರಕ್ಕೆ ಯಾರೂ ದೂರು ಕೊಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ. ನಾಗಮಂಗಲದ ಸಂತೆಯಲ್ಲಿ ರಾಗಿಯ ಧಾರಣೆ ಬರೆದು ಕಳಿಸಿದೆ.

ಸೊಸೆ ಆಸ್ಪತ್ರೆಯಿಂದ ಬಂದಾಗ ಮಳೆ ಹಿಡಿದಿತ್ತು. ಹೊಣಕೆರೆ ಕಡೆಯ ಹುಡುಗಿ, ನಡೆದರೆ ಗೋಡೆ ಹಿಡಿಯಬೇಕಾಗಿತ್ತು. ಅವಳ ಹಾಲು ಬತ್ತಿಹೋಗಿತ್ತು. ಮೈ ಸುಧಾರಿಸಿದ ಮೇಲೆ, ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚಿದರೆ ಹಾಲು ತಿರುಗಿ ಬರಬಹುದು, ಅಲ್ಲಿಯವರೆಗೆ ಕೂಸು ಉಪವಾಸ ಬೀಳಬಾರದು ಎಂದು ಟೀಚರಮ್ಮ ಹೇಳಿದಳು. ಎಂದರೆ, ಮೊದಲು ಅವಳು, ಆಮೇಲೆ ಅಕ್ಕ. ಅದಕ್ಕೆ ಇಬ್ಬರೂ ಒಂದೇ ಕಡೆ ಇರಬೇಕಿತ್ತು.

ಹುಡುಗಿ ನಮ್ಮ ಜಗಲಿ ಹತ್ತಿದಳು. ಅಜ್ಜಿ ಕಲ್ಲಿನ ಮೇಲಿಂದ, "ಲೇ, ಲೇ" ಎಂದಳು.

"ನಾನೇನು ಆಣೆ ಮಾಡಿಲ್ಲ ಕಣತ್ತೆ," ಎಂದು ಹುಡುಗಿ ಒಳಗೆ ಹೋದಳು.

ಒಳಕೋಣೆಯಿಂದ ಮಾತು ಕೇಳಿಸುತ್ತಿತ್ತು. "ಬರ್ತಾ ಇಲ್ಲ ಅಕ್ಕ." "ಇಟ್ಕೊ. ಕೂಸು ಎಳುದ್ರೇನೆ ಬರದು." "ನೋವಾಯ್ತದೆ." "ಆಯ್ತದೆ. ಇಟ್ಕೊ." ಅಷ್ಟು ಮಾತನ್ನು ಅಕ್ಕ ಬೇರೆ ಯಾರ ಹತ್ತಿರವೂ ಆಡಿರಲಿಲ್ಲ. ಹುಡುಗಿಗೆ ಹಾಲು ಬಂದಷ್ಟೂ ಅಕ್ಕನದು ಬೇಡವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಕ್ಕನಿಗೇ ಹೆಚ್ಚು ಗೊತ್ತಿತ್ತು. ಆದರೂ ಸರದಿ ತಪ್ಪಿಸಲಿಲ್ಲ. ಮೊದಲು ರಾತ್ರಿ ಕೂಸು ಅವರ ಮನೆಗೆ ಹೋಯಿತು. ಆಮೇಲೆ ಸಂಜೆಯದೂ ನಿಂತಿತು. ಮಧ್ಯಾಹ್ನದ ಒಂದು ಹೊತ್ತು ಉಳಿದಿತ್ತು.

ಒಂದು ಬೆಳಿಗ್ಗೆ ಅಜ್ಜಿ ಬರಿಗೈಯಲ್ಲಿ ಬಂದಳು.

"ಇವತ್ತಿಂದ ಅವ್ಳದೇ ಸಾಕಾಯ್ತದಂತೆ. ಟೀಚರಮ್ಮ ಅಂದ್ರು," ಎಂದಳು.

"ಒಳ್ಳೇದಾಯ್ತು ಬುಡು," ಎಂದಳು ಅವ್ವ.

"ಕೂಸು ಮೈ ಕೈ ತುಂಬ್ಕಂಡೈತೆ."

"ತುಂಬ್ಕಳ್ಳಿ."

ಅಜ್ಜಿ ಒಂದಿಷ್ಟು ಹೊತ್ತು ನಿಂತಿದ್ದು ಹೋದಳು. ಎರಡು ಮನೆಗಳ ನಡುವೆ ಮತ್ತೆ ಮಾತು ನಿಂತಿತು.

ಆ ಮಧ್ಯಾಹ್ನ ನಾನು ಜಗಲಿಯಲ್ಲಿ ವರದಿ ಬರೆಯುತ್ತಿದ್ದೆ. ಅಕ್ಕ ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂಸು ಬರುತ್ತಿದ್ದ ಹೊತ್ತಿಗೆ ಅವಳ ಕೈ ನಿಂತಿತು. ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಬೇರೆಯವರ ಬಟ್ಟೆಯ ಮೇಲೆ ಏನೋ ಚೆಲ್ಲಿದ್ದನ್ನು ನೋಡುವಂತೆ ಅದನ್ನು ನೋಡಿಕೊಂಡಳು. ಎದ್ದು ಒಳಗೆ ಹೋಗಿ ರವಿಕೆ ಬದಲಿಸಿ ಬಂದು, ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

"ಏನ್ ಕಲ್ಲೋ ಈ ಅಕ್ಕೀಲಿ," ಎಂದಳು.