ಗಟ್ಟಿಮೇಳದ ಬದಲು ಹೊಳೆಯ ಪದ

ತಾಳಿ ಕಟ್ಟುವ ಹೊತ್ತಿಗೆ ಡೋಲು, ವಾಲಗ ಯಾಕೆ ಅಷ್ಟು ಜೋರು ಎಂದು ಹಿರಿಯರನ್ನು ಕೇಳಿ ನೋಡಿ. ಸೀನು, ಅಳು, ಅಪಶಕುನದ ಮಾತು ಯಾವುದೂ ಮದುಮಕ್ಕಳ ಕಿವಿಗೆ ಬೀಳಬಾರದು ಎನ್ನುತ್ತಾರೆ. ಸರಿ ಸ್ವಾಮಿ. ಆದರೆ ಆ ಗಟ್ಟಿಮೇಳವೇ ಒಬ್ಬಳ ಕಿವಿಗೆ ಸಿಡಿಲಾದರೆ? ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ನಾನೇ ಕೊಡಬೇಕಾಯಿತು.

ನನ್ನ ಚಿಕ್ಕ ಮಗಳ ಕಿವಿ ಅಂಥದ್ದು. ಕಿವಿಯಲ್ಲಿ ದೋಷವಿಲ್ಲ, ನಮಗೆ ಬರೀ ತಾಗುವ ಸದ್ದು ಅವಳಿಗೆ ಹೊಡೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕುಂದಾಪುರದ ಕಡೆಯಿಂದ ಬಂದ ನಮ್ಮದು ಈ ತಮಿಳು ಮಹಾನಗರದ ವಡಪಳನಿಯಲ್ಲಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಗ್ರೈಂಡರು, ಕುಕ್ಕರಿನ ಸೀಟಿ, ಬೀಳುವ ಪಾತ್ರೆ, ರಸ್ತೆಯ ಹಾರನ್ನು. ಇಂಥ ಮನೆಯಲ್ಲೇ ಹುಟ್ಟಬೇಕಿತ್ತೇ ನನ್ನ ಕೂಸು! ಮದುವೆಗಳಲ್ಲಂತೂ ಅವಳ ಎರಡೂ ಕೈ ಕಿವಿಯ ಮೇಲೆಯೇ. ಅವಳ ಪಾಲಿನ ಅಕ್ಷತೆಯನ್ನೂ ನಾನೇ ಹಾಕುತ್ತಿದ್ದೆ. ಒಮ್ಮೆ ನೆಂಟರ ಮದುವೆಯಲ್ಲಿ ಗಟ್ಟಿಮೇಳ ಎದ್ದದ್ದೇ ತಡ, ಛತ್ರದಿಂದ ಓಡಿಹೋಗಿ ನಡುರಸ್ತೆಯಲ್ಲಿ ನಿಂತುಬಿಟ್ಟಳು. ಸಿಟಿ ಬಸ್ಸು ಅವಳ ಮುಂದೆಯೇ ಕಿರ್ರೆಂದು ನಿಂತಿತು. ಅಲ್ಲಿಂದ ಮುಂದೆ ಅವಳನ್ನು ಯಾವ ಮದುವೆಗೂ ಕರೆದುಕೊಂಡು ಹೋಗಲಿಲ್ಲ.

ಈಗ ದೊಡ್ಡ ಮಗಳ ಮದುವೆಯೇ ಗೊತ್ತಾಯಿತು. ಹುಡುಗನ ಮನೆಯವರಿಗೆ ಇದೇ ನಗರದ ಪ್ಯಾರೀಸ್ ಕಾರ್ನರಿನಲ್ಲಿ ಹೋಟೆಲು, ನಮ್ಮ ಊರ ಕಡೆಯವರೇ. ದೊಡ್ಡವಳದು ಒಂದೇ ಹಟ.

"ತಂಗಿ ನನ್ ಪಕ್ಕ ಇಲ್ದಿದ್ರೆ ನಾ ಹಸೆಮಣೆ ಮೇಲ್ ಕೂರುದಿಲ್ಲ ಅಮ್ಮಾ. ಈಗ್ಲೇ ಹೇಳ್ಬಿಟ್ಟೆ."

ಬಾಯಿಗೆ ಬಿಸಿತುಪ್ಪ ಬಿದ್ದ ಹಾಗಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕರೆಂಟು ಹೋಗಿ ಕೆಳಗಿನ ಜನರೇಟರು ಗುಡುಗತೊಡಗಿತು. ಚಿಕ್ಕವಳು ಮಂಚದ ಕೆಳಗೆ ಮುದುಡಿಕೊಂಡಳು. ನಾನು ಕೋಯಂಬೇಡು ಮಾರ್ಕೆಟ್ಟಿನಿಂದ ಬಂದ ಹರಿವೆ ಸೊಪ್ಪು ಸೋಸುತ್ತ, ಸಿಟ್ಟಿಗೋ ಬೇಸರಕ್ಕೋ, ನನ್ನ ಅಮ್ಮ ನಾಟಿಗದ್ದೆಯಲ್ಲಿ ಹೇಳುತ್ತಿದ್ದ ಪದವೊಂದನ್ನು ಹೇಳಿಕೊಂಡೆ. ಅದೊಂದು ಕಥೆಯ ಹಾಡು. ತೌರಿಗೆ ಹೊರಟ ಹೆಣ್ಣಿಗೆ ತುಂಬಿದ ಹೊಳೆ ಅಡ್ಡ ಬರುತ್ತದೆ. ಬಳೆ ಕೊಡುತ್ತಾಳೆ, ಹೊಳೆ ಬಿಡುವುದಿಲ್ಲ. ಮುಡಿದ ಹೂ ಕೊಡುತ್ತಾಳೆ, ಬಿಡುವುದಿಲ್ಲ. ಕೊಡಲು ಏನೂ ಉಳಿಯದೆ ದಡದಲ್ಲಿ ಹಾಡುತ್ತಲೇ ನಿಲ್ಲುತ್ತಾಳೆ, ಕೊನೆಗೆ ಹೊಳೆಯೇ ಸೋತು ಇಳಿಯುತ್ತದೆ. ತೌರಿಗೆ ಹೋಗಬೇಕೆಂದು ಪ್ರತಿ ಸಲವೂ ಅದೇ ಸೊಲ್ಲು: "ದಾರಿ ಬಿಡ್ ಹೊಳಿಯೇ, ನಾ ತೌರಿಗ್ ಹೋಯ್ಕ್." ವಾದ್ಯವಿಲ್ಲ, ಏರುದನಿಯಿಲ್ಲ. ಉಸಿರು ಮುಗಿದಲ್ಲಿ ಸಾಲೂ ಮುಗಿಯುತ್ತದೆ.

ಮಂಚದ ಕೆಳಗಿನಿಂದ ಮೊದಲು ತಲೆ ಬಂತು, ಆಮೇಲೆ ಇಡೀ ಹುಡುಗಿ. ಇಲ್ಲಿನ ಶಾಲೆಯಲ್ಲಿ ಓದಿದವಳು, ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲಿ.

"ಅಮ್ಮಾ, ಇದು ಎಂಗ ಪೋಗುಂನು ಎನಕ್ಕು ತೆರಿಯುದು," ಎಂದಳು.

ಈ ಹಾಡು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಮೊದಲೇ ತಿಳಿಯುತ್ತದಂತೆ! ಹೇಳದೆ ಕೇಳದೆ ಮೈಮೇಲೆ ಬೀಳುವ ಸದ್ದಿಗೇ ಅವಳು ಹೆದರುವುದೆಂದು ನನಗೆ ಹೊಳೆದದ್ದು ಆಗ. ಮತ್ತೆ ಮತ್ತೆ ಹೇಳಿಸಿದಳು. ಜನರೇಟರು ಗುಡುಗುತ್ತಲೇ ಇತ್ತು, ಅವಳು ನನ್ನ ಎದುರು ಕೂತು ಸೊಪ್ಪು ಸೋಸಿದಳು.

ಅವತ್ತೇ ತೀರ್ಮಾನಿಸಿದೆ. ತಾಳಿ ಕಟ್ಟುವಾಗ ಗಟ್ಟಿಮೇಳ ಇಲ್ಲ, ನಾನು ಹೊಳೆಯ ಪದ ಹೇಳುತ್ತೇನೆ. ನನ್ನ ಗಂಡನ ಅಕ್ಕ ಎದೆ ಬಡಿದುಕೊಂಡರು.

"ಗಟ್ಟಿಮೇಳ ಇಲ್ದೆ ಮದಿ ಆತ್ತಾ ಹೆಣೆ? ಕೆಟ್ಟ್ ಮಾತ್ ಒಂದ್ ಕಿವಿಗ್ ಬಿದ್ರೆ ಎಂತ ಮಾಡ್ತೆ?"

"ಎಲ್ಲ ಬಾಯ್ ಮುಚ್ಕಂಡ್ ಕೂತ್ರೆ ಎಲ್ಲಿಂದ ಬೀಳತ್ತ್ ಅತ್ಗೆ?"

"ಅದೂ ಗಂಡನ್ ಮನಿಗ್ ಹೋಪ ಹೆಣ್ಣಿನ್ ಎದ್ರ್ ತೌರಿಗ್ ಹೋಯ್ಕ್ ಅಂಬ ಪದವಾ! ಶಿವ ಶಿವಾ!"

"ತೌರಿನ್ ದಾರಿ ತೆರ್ದಿರ್ಲಿ ಅಂದ್ರೆ ತಪ್ಪಾ? ನೀವೀಗ ಬಂದ್ ಕೂಕಂಡದ್ದ್ ತೌರಲ್ದಾ?"

ಅತ್ತಿಗೆ ಮುಖ ತಿರುಗಿಸಿ ಕಾಫಿ ಕುಡಿದರು.

ವಾಲಗದವರೇ ಬೇಡ ಎನ್ನುವ ಧೈರ್ಯ ನನಗೂ ಇರಲಿಲ್ಲ. ದಿಬ್ಬಣವನ್ನು ಎದುರುಗೊಳ್ಳಲು ಅವರು ಬೇಕು. ಅಷ್ಟು ಹೊತ್ತು ಚಿಕ್ಕವಳನ್ನು ಛತ್ರದ ಮೇಲಿನ ಕೋಣೆಯಲ್ಲಿ ಇರಿಸಬಹುದು. ಆದರೆ ಮುಹೂರ್ತದಲ್ಲಿ ಪುರೋಹಿತರು ಬೆರಳೆತ್ತಿದರೆ ಸಾಕು, ವಾಲಗದವರ ಕೈ ತಾನಾಗಿ ಡೋಲಿನ ಮೇಲೆ ಬೀಳುತ್ತದೆ. ಅದಕ್ಕೇ ಹೋಟೆಲಿನವರ ಬುದ್ಧಿ ಓಡಿಸಿದೆ. ಮುಹೂರ್ತಕ್ಕೆ ಸ್ವಲ್ಪ ಮೊದಲು ಅವರನ್ನೆಲ್ಲ ಊಟದ ಹಾಲ್‌ನಲ್ಲಿ ತಿಂಡಿಗೆ ಕೂರಿಸಿ, ನಮ್ಮ ಬಡಿಸುವವರಿಗೆ ಅಪ್ಪಣೆ ಮಾಡಿದೆ: ನಾನು ಹೇಳುವ ತನಕ ಅವರ ಎಲೆ ಖಾಲಿಯಾಗಕೂಡದು. ಎಲೆಯ ಮೇಲೆ ಬಿಸಿ ನೀರ್‌ದೋಸೆ ಬೀಳುತ್ತಲೇ ಇದ್ದರೆ ಯಾರು ಎದ್ದಾರು?

ನಾನೆಣಿಸಿದ ಹಾಗೆಯೇ ಆಯಿತು. ಎಷ್ಟು ಹೇಳಿದ್ದರೂ ಪುರೋಹಿತರು ಅಭ್ಯಾಸಬಲದಿಂದ ಬೆರಳೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ಅಕ್ಕನ ಪಕ್ಕ ನಿಂತಿದ್ದ ಚಿಕ್ಕವಳ ಕೈಗಳು ಕಿವಿಗೆ ಹಾರಿದವು. ಮೇಳವೆಲ್ಲಿ? ಅದು ದೋಸೆ ತಿನ್ನುತ್ತಿತ್ತು. ಛತ್ರವಿಡೀ ನನ್ನತ್ತ ತಿರುಗಿತು. ನಾನು ಪದ ಎತ್ತಿಕೊಂಡೆ. ಚಿಕ್ಕವಳ ಕೈಗಳು ಮೆಲ್ಲಗೆ ಕೆಳಗಿಳಿದವು. ಬಳೆಯ ಸಾಲು ಮುಗಿಯಿತು, ಹೂವಿನ ಸಾಲು ಮುಗಿಯಿತು. ಅಷ್ಟರಲ್ಲಿ ಅಳಿಯ ತಾಳಿ ಕೈಗೆತ್ತಿಕೊಂಡದ್ದು ಕಂಡಿತು ನೋಡಿ, ನನ್ನ ಪದ ಅಲ್ಲಿಗೇ ನಿಂತಿತು. ಸ್ವರವೇ ಹೊರಡದು! ಯಾರೋ ಈಗ ಸೀನುತ್ತಾರೆ, ಯಾರೋ ಏನೋ ಅನ್ನುತ್ತಾರೆ, ಬದುಕಿಡೀ ಆ ಮಾತು ನನ್ನ ತಲೆಗೇ ಎಂದು ಸುತ್ತ ಕೂತವರ ಮುಖಗಳನ್ನೇ ನೋಡಿದೆ.

"ದಾರಿ ಬಿಡ್ ಹೊಳಿಯೇ..."

ಹಸೆಮಣೆಯ ಪಕ್ಕದಿಂದ ಬಂತು ದನಿ. ಸಣ್ಣ ದನಿ, ಆದರೆ ಒಂದಿಷ್ಟೂ ನಡುಗಲಿಲ್ಲ. ತಮಿಳು ಬಿಟ್ಟು ಮಾತಾಡದ ನನ್ನ ಮಗಳು ನನ್ನ ಅಮ್ಮನ ಕನ್ನಡದಲ್ಲಿ ಹಾಡುತ್ತಿದ್ದಳು. "ನಾ ತೌರಿಗ್ ಹೋಯ್ಕ್" ಎಂದು ಸೊಲ್ಲು ಸೇರಿಸಿದವರು ಯಾರೆಂದುಕೊಂಡಿರಿ? ಅತ್ತಿಗೆ! ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಹಾಡಿದರು. ಅವರ ಹಿಂದೆ ನಮ್ಮೂರ ಹೆಂಗಸರೆಲ್ಲ ಅದೇ ಮೆಲುದನಿಯಲ್ಲಿ ಹಿಡಿದುಕೊಂಡರು. ಆ ಪದದ ನಡುವೆಯೇ ನನ್ನ ದೊಡ್ಡ ಮಗಳ ಕೊರಳಿಗೆ ತಾಳಿ ಬಿತ್ತು. ನಾನು ಗೆದ್ದೆ, ನನ್ನ ಹುಡುಗಿ ಗೆದ್ದಳು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ, ಅವಳ ಕಿವಿಯ ನೆನಪಾಯಿತು.

ಚಿಕ್ಕವಳು ಹಾಡು ನಿಲ್ಲಿಸದೆಯೇ ತಟ್ಟೆಗೆ ಎರಡೂ ಕೈ ಹಾಕಿ ಅಕ್ಷತೆ ಬಾಚಿ ಎರಚಿದಳು. ಅರ್ಧ ಪುರೋಹಿತರ ಜುಟ್ಟಿಗೆ ಬಿತ್ತು. ಬೀಳಲಿ. ಅವಳ ಪಾಲಿನ ಅಕ್ಷತೆಯನ್ನು ಅವತ್ತು ಅವಳೇ ಹಾಕಿದಳು.