ಹನುಮಪ್ಪನಿಲ್ಲದ ಮಂಟಪ

ಕಣಕಟ್ಟೆಯ ತವರಿನಿಂದ ಹೊರಟು, ಅರಸೀಕೆರೆಯಲ್ಲಿ ಬೇಲೂರಿನ ಬಸ್ಸು ಹತ್ತಿದರೆ, ಹಳೇಬೀಡು ದಾಟಿದ ಮೇಲೆ ನಮ್ಮೂರಿನ ಕೈಮರ ಸಿಗುತ್ತಿತ್ತು. ಅಲ್ಲಿ ರಸ್ತೆಗೆ ಅಂಟಿಕೊಂಡಂತೆ ಒಂದು ಕಲ್ಲುಮಂಟಪ. ಹಿಂದಿನ ಗೋಡೆಯ ಗೂಡಿನಲ್ಲಿ ಮೊಳದುದ್ದದ ಹನುಮಪ್ಪ. ನನ್ನ ಮಾವನ ತಾತ ದಾರಿಹೋಕರಿಗೆಂದು ಕಟ್ಟಿಸಿದ್ದಂತೆ. ಬೇಸಿಗೆಯಲ್ಲಿ ನಮ್ಮ ಮನೆಯಿಂದಲೇ ಅಲ್ಲಿಗೆ ನೀರುಮಜ್ಜಿಗೆ ಹೋಗುತ್ತಿತ್ತು.

ತೊಂಬತ್ತರ ದಶಕದಲ್ಲಿ ಮದುವೆಯಾಗಿ ಬಂದವಳು ನಾನು. ತವರಿನಿಂದ ಬಂದಾಗಲೆಲ್ಲ ಅಲ್ಲಿ ಇಳಿದು, ಚೀಲ ಕೆಳಗಿಟ್ಟು, ಹನುಮಪ್ಪನಿಗೆ ಕೈಮುಗಿದು ಸ್ವಲ್ಪ ಹೊತ್ತು ಕೂರುತ್ತಿದ್ದೆ. ಯಾರೂ ಏನೂ ಕೇಳದ ಜಾಗ ನನಗೆ ಅದೊಂದೇ ಇದ್ದದ್ದು. ಅಳುವುದಿದ್ದರೆ ಅಲ್ಲೇ ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು ಊರೊಳಗೆ ನಡೆಯುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ರಸ್ತೆ ಅಗಲ ಮಾಡುವವರು ಬಂದರು. ಜೆಸಿಬಿಯ ಡ್ರೈವರು ಮಂಟಪದ ಮುಂದೆ ಗಾಡಿ ನಿಲ್ಲಿಸಿ, "ಒಳಗೆ ದೇವ್ರೈತೆ. ನಾನ್ ಮುಟ್ಟಲ್ಲ ಸ್ವಾಮಿ, ಮನೇಲಿ ಮಕ್ಳವ್ರೆ" ಅಂದ. ಮೇಸ್ತ್ರಿ ತಲೆ ಕೆರೆದುಕೊಂಡು, ಮಂಟಪ ಬಿಟ್ಟು ಎದುರಿನ ಬೀಳು ನೆಲದ ಕಡೆಗೆ ಸುಣ್ಣದ ಗೆರೆ ಎಳೆಸಿದ. ಅವತ್ತು ನಾನು ಹನುಮಪ್ಪನಿಗೆ ತುಪ್ಪದ ದೀಪ ಹಚ್ಚಿದೆ.

ಮಾವನಿಗೆ ಮಾತ್ರ ನೆಮ್ಮದಿಯಿಲ್ಲ. ಬೇರೆ ಡ್ರೈವರನ್ನು ಕರೆಸಿದರೆ? ದೇವರ ಮೇಲೆಯೇ ಮಿಷನ್ ಹತ್ತಿಸಿದರೆ? ಪುರೋಹಿತರನ್ನು ಕರೆಸಿ, ದೇವರ ಕಳೆಯನ್ನು ಕಲಶಕ್ಕೆ ಇಳಿಸಿ, ಮೂರ್ತಿಯನ್ನು ಊರೊಳಕ್ಕೆ ತಂದುಬಿಡುವುದೆಂದು ತೀರ್ಮಾನಿಸಿದರು.

"ಹನುಮಪ್ಪ ಇರೋದ್ರಿಂದ್ಲೇ ಮಂಟಪ ಉಳ್ಕಂಡೈತೆ ಮಾವ. ಹಂಗೇ ಬಿಡಿ" ಅಂದೆ.

"ಕಲ್ಲು ಕಾಯಕ್ಕೆ ದೇವ್ರನ್ನ ನಿಲ್ಲಿಸ್ತೀಯೇನವ್ವ? ಚೆನ್ನಾಗೈತೆ ನಿನ್ನ ಭಕ್ತಿ."

ಅತ್ತೆ ಒಳಗಿನಿಂದಲೇ, "ಅವಳಿಗೆ ಕೂರೋ ಜಾಗ ಹೋಯ್ತದಲ್ಲ, ಅದಕ್ಕೆ" ಎಂದು ನಕ್ಕರು. ನಾನಲ್ಲಿ ಕೂರುವುದು ಅವರಿಗೆ ಗೊತ್ತಿದೆಯೆಂದು ನನಗೆ ತಿಳಿದದ್ದು ಅವತ್ತೇ.

ವಾದ್ಯದವರ ಹಿಂದೆ ಹನುಮಪ್ಪ ಊರೊಳಗೆ ಬಂದ. ಮಾರನೆಯ ಬೆಳಿಗ್ಗೆ ಅದೇ ಡ್ರೈವರು ಬರಿದಾದ ಗೂಡಿಗೆ ಇಣುಕಿ, ಚಪ್ಪಲಿ ಕೂಡ ಬಿಡದೆ ಒಳಗೆ ಓಡಾಡಿ, "ಇನ್ನೇನು, ಬರೀ ಕಲ್ಲಲ್ವ" ಅಂದನಂತೆ. ನಾನು ಹೋಗುವಷ್ಟರಲ್ಲಿ ಕಂಬಗಳು ಮಗುಚಿ ಬಿದ್ದಿದ್ದವು. ಸುಣ್ಣದ ಗೆರೆಯ ಮೇಲೆಲ್ಲ ಚಕ್ರದ ಗುರುತು. ಮಾವ ಅಲ್ಲೇ ನಿಂತು, "ನೋಡ್ದೇನವ್ವ? ನೆನ್ನೇನೇ ತಂದಿದ್ದು ಒಳ್ಳೇದಾಯ್ತು" ಅಂದರು. ಅವರ ಮುಖದಲ್ಲಿ ನಿಜವಾಗಿಯೂ ಸಮಾಧಾನವಿತ್ತು.

ಹನುಮಪ್ಪನಿಗೆ ಈಗ ಟೈಲ್ಸ್ ಹಾಕಿದ ಗುಡಿ, ಕಬ್ಬಿಣದ ಬಾಗಿಲು, ಬೀಗ. ದಿನಾ ಪೂಜೆ ಆಗುತ್ತದೆ, ಅದು ಅವನ ದಯೆ. ಮಂಟಪದ ಚಪ್ಪಡಿಯೊಂದು ನಮ್ಮ ಹಿತ್ತಲಿಗೆ ಬಂತು. ಅದರ ಮೇಲೆ ಬಟ್ಟೆ ಒಗೆಯುತ್ತೇನೆ. ಅದನ್ನೂ ದಯೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ, ಇನ್ನೇನು ಮಾಡಲಿ.

ಆಮೇಲಿಂದ ಕೈಮರದಲ್ಲಿ ಇಳಿದರೆ ನಿಲ್ಲಲೂ ನೆರಳಿರಲಿಲ್ಲ. ಚೀಲ ಕೆಳಗಿಡದೆ ನೇರ ಮನೆಗೆ ನಡೆಯುತ್ತಿದ್ದೆ.

"ಈಗೀಗ ಬಿರ್ರನೆ ಬತ್ತೀಯ ಕಣವ್ವ" ಅನ್ನುತ್ತಿದ್ದರು ಅತ್ತೆ, ಕಾಫಿಗೆ ನೀರಿಡಲು ಹೇಳುತ್ತ.