ಗ್ರಾಮಫೋನು ಎಳೆದ ಹಲಗೆ

ಮರಿಮಗನ ಆಟಿಕೆ ರೈಲಿಗೆ ಬಿಟ್ಟ ಎಣ್ಣೆಯ ವಾಸನೆಗೆ ಕದ್ರಿಯ ನಮ್ಮ ಹಳೆಯ ಜಗಲಿ ನೆನಪಾಯಿತು. ಹಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ನನಗೆ ಅಲ್ಲಿ ಮರದ ರೈಲು ಕಟ್ಟಿಕೊಟ್ಟಿದ್ದರು. ಇಂಜಿನನ್ನು ಹೊತ್ತು ಒಂದು ಹಳಿಯಿಂದ ಪಕ್ಕದ ಹಳಿಗೆ ಅಡ್ಡಕ್ಕೆ ಜಾರುವ ಹಲಗೆಯೂ ಇತ್ತು. ಅದನ್ನು ದಾರದಿಂದ ಎಳೆಯಲು ಅಮ್ಮನ ಗ್ರಾಮಫೋನಿನ ಮೋಟರನ್ನೇ ಬಿಚ್ಚಿದರು.

ಹಲಗೆ ಠೀವಿಯಿಂದ ಮೂರನೆಯ ಹಳಿಗೆ ಹೋಗಿ ನಿಂತಿತು. ಮೋಟರು ಹಿಂದಕ್ಕೆ ತಿರುಗುವುದಿಲ್ಲವೆಂದು ಅಪ್ಪನಿಗೆ ಹೊಳೆದದ್ದು ಆಮೇಲೆ.

"ಹೋಗ್ಲಿಕ್ಕೆ ಉಂಟು, ವಾಪಸು ಬರ್ಲಿಕ್ಕೆ ಎಂತ ಉಂಟು ಮಾರಾಯ್ರೆ?" ಎಂದರು ಅಮ್ಮ. ತಾವೇ ತೆಂಗಿನ ಗೆರಟೆಗೆ ಮರಳು ತುಂಬಿ, ಹಲಗೆಯ ಇನ್ನೊಂದು ಬದಿಗೆ ದಾರದಿಂದ ಕಟ್ಟಿ, ಜಗಲಿಯ ಅಂಚಿನಿಂದ ಇಳಿಬಿಟ್ಟರು. ಮೋಟರಿನ ದಾರ ಕಳಚಿದೊಡನೆ ಹಲಗೆ ತಾನಾಗಿ ಹಿಂದೆ ಬಂತು.

ಗ್ರಾಮಫೋನು ಮತ್ತೆ ಹಾಡಲಿಲ್ಲ.

"ಆ ಹಲಗೆಯನ್ನು ಮಾಡಿದ್ದು ಯಾರು ಪಿಜ್ಜಿ?" ಎಂದು, ಕಥೆ ಆಲಿಸುತ್ತಿದ್ದ ಮರಿಮಗ ಕೇಳಿದ. ಇಷ್ಟು ವರ್ಷ ಯಾರು ಕೇಳಿದರೂ "ಅಪ್ಪ" ಎನ್ನುತ್ತಿದ್ದೆ.

"ಅರ್ಧ ಅಪ್ಪ, ಅರ್ಧ ಅಮ್ಮ" ಎಂದೆ.